ಮೇಷ್ಟ್ರನ್ನು ತೆಗೀತಾರಂತೆ

ಕೆಂಪಿಂಕು ಮೇಷ್ಟ್ರಿಗೆ ವಾಕ್ಯದಲ್ಲಿ ಒಂದು ಪದ ಹೆಚ್ಚಾದರೂ ಮೈಮೇಲೆ ಇರುವೆ ಬಿಟ್ಟಂತಾಗುತ್ತಿತ್ತು. ಕಾಲೇಜಿನಲ್ಲಿ ಅವರು ಇಂಗ್ಲಿಷ್ ಪ್ರೊಫೆಸರು. ಕಲಿಸುತ್ತಿದ್ದುದು ಎರಡು ವಿಷಯ. ಬರೆಯುವುದು ಹೇಗೆ ಎಂಬುದು ಒಂದು, ವಿಕ್ಟೋರಿಯಾ ರಾಣಿಯ ಕಾಲದ ಸಾಹಿತ್ಯ ಇನ್ನೊಂದು. ಬರೆಯುವ ಕ್ಲಾಸಿನ ಹುಡುಗರು ಕೊಟ್ಟ ಪ್ರಬಂಧದ ಮೇಲೆ ಅವರ ಕೆಂಪು ಪೆನ್ನು ಒಂದು ಸುತ್ತು ಹೋಗಿ ಬಂತೆಂದರೆ ಎರಡು ಪುಟದಲ್ಲಿ ಎರಡು ಸಾಲು ಉಳಿದರೆ ಪುಣ್ಯ. “ಇಲ್ಲದಿದ್ರೂ ಅರ್ಥ ಆಗುತ್ತೆ ಅಂದ್ಮೇಲೆ ಆ ಪದಕ್ಕೆ ಅಲ್ಲೇನು ಕೆಲಸ? ಹೊಡೆದ್ಹಾಕು!” ಎಂದು ಅವರು ಗುಡುಗಿದರೆ ಕೊನೆಯ ಬೆಂಚಿನವರೂ ಬೆಚ್ಚಿ ಏನನ್ನಾದರೂ ಹೊಡೆದುಹಾಕುತ್ತಿದ್ದರು.

ಎರಡನೆಯ ಕ್ಲಾಸಿಗೆ ಹೋದರೆ ಮನುಷ್ಯ ಬೇರೆಯೇ. ಕಾಲೇಜಿನವರೆಲ್ಲ ಅದನ್ನು ‘ರಾಣಿ ಕ್ಲಾಸು’ ಎನ್ನುತ್ತಿದ್ದರು. ಅಲ್ಲಿನ ಕಾದಂಬರಿಗಳಲ್ಲಿ ಒಂದು ವಾಕ್ಯ ಹತ್ತಿ ಕೂತರೆ ಇಳಿಯುವಷ್ಟರಲ್ಲಿ ಊಟದ ಬೆಲ್ ಹೊಡೆದಿರುತ್ತಿತ್ತು. ಒಬ್ಬ ಹುಡುಗಿ ಧೈರ್ಯ ಮಾಡಿ, “ಸಾರ್, ಇವರದ್ದನ್ನ ಯಾಕೆ ಹೊಡೆದ್ಹಾಕಲ್ಲ ನೀವು?” ಎಂದು ಕೇಳಿಯೇಬಿಟ್ಟಿದ್ದಳು. “ಅವರೆಲ್ಲ ಸತ್ತುಹೋಗಿದಾರಮ್ಮ, ತಿದ್ದೋಕಾಗಲ್ಲ. ನೀನು ಬದುಕಿದೀಯ” ಎಂದಿದ್ದರು ಮೇಷ್ಟ್ರು. ಹೇಳುವುದು ಹಾಗೆ. ಆದರೆ ಅವರ ಜೀವವೆಲ್ಲ ಇದ್ದದ್ದು ಅದೇ ಕ್ಲಾಸಿನಲ್ಲಿ. ಮಂಜು ಕವಿದ ಬೀದಿಗಳು, ಹಸಿದ ಅನಾಥ ಮಕ್ಕಳು, ಶ್ರೀಮಂತರ ಮನೆಯಲ್ಲಿ ಪಾಠ ಹೇಳಿ ಒಬ್ಬಳೇ ಅಳುವ ಬಡ ಹೆಣ್ಣುಮಕ್ಕಳು, ಇವರ ಸುಖದುಃಖ ವಿಚಾರಿಸುವುದಿಲ್ಲವೆಂದಾದರೆ ತಾವು ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಳ್ಳುವುದಾದರೂ ಯಾತಕ್ಕೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲ.

ಅಂಥ ಕ್ಲಾಸಿಗೆ ಗ್ರಹಣ ಹಿಡಿಯುವ ಲಕ್ಷಣ ಕಾಣಿಸಿದ್ದು ಹೊಸ ಪ್ರಿನ್ಸಿಪಾಲ್ ಮೇಡಂ ಬಂದಮೇಲೆ. ಅವರು ಗಣಿತದವರು. ಬಂದ ದಿನದಿಂದ ಒಂದಲ್ಲ ಒಂದನ್ನು ತೆಗೆಯುವುದೇ ಕೆಲಸ. ಕಾರಿಡಾರಿನ ಮುರುಕಲು ಬೀರು ತೆಗೆದರು, ನಿಂತುಹೋಗಿದ್ದ ಗಡಿಯಾರ ತೆಗೆದರು, ಕೊನೆಗೆ ತತ್ವಶಾಸ್ತ್ರ ವಿಭಾಗವನ್ನೇ ತೆಗೆದರು. ಬದುಕಿನ ಅರ್ಥವೇನು ಎಂದು ಅಲ್ಲಿ ಪಾಠ ಮಾಡುತ್ತಿದ್ದವರು ಈಗ ಹಾಸ್ಟೆಲಿನಲ್ಲಿ ಯಾವ ನಲ್ಲಿ ಸೋರುತ್ತಿದೆ ಎಂದು ನೋಡಿಕೊಂಡಿದ್ದಾರೆ. ಅದರ ಜಾಗಕ್ಕೆ ‘ಮಾತುಗಾರಿಕೆ’ ಎಂಬ ಹೊಸ ಕ್ಲಾಸು ಬಂತು. ಮೈಕು ಹಿಡಿಯಬೇಕು, ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡಬೇಕು, ಹುಡುಗರಿಂದ ಚಪ್ಪಾಳೆ ತಟ್ಟಿಸಬೇಕು. ಅದು ಇಂಗ್ಲಿಷ್ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಕಿರಿಯ ಮೇಡಂ ತಲೆಗೆ ಬಿದ್ದಿತ್ತು. ಸದ್ಯ ತಮ್ಮ ತಲೆಗೆ ಬೀಳಲಿಲ್ಲವಲ್ಲ ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟಿದ್ದರು. ಕ್ಲಾಸಿನ ನಾಲ್ಕು ಗೋಡೆಯೊಳಗೆ ಗುಡುಗುವ ಈ ಪುಣ್ಯಾತ್ಮ ಮೈಕು ಕಂಡರೆ ಹಾವು ಕಂಡಂತೆ ಹಿಂದೆ ಸರಿಯುತ್ತಿದ್ದರು. ಒಂದು ಸಲ ವಾರ್ಷಿಕೋತ್ಸವದಲ್ಲಿ “ಎಲ್ಲರಿಗೂ” ಎಂದವರು ಅಲ್ಲೇ ನಿಂತುಹೋದರು. ಎಲ್ಲರಿಗೂ ಏನು ಎಂಬುದು ಇವತ್ತಿಗೂ ಯಾರಿಗೂ ಗೊತ್ತಾಗಿಲ್ಲ.

ಇನ್ನು ತಂತಿಯ ವಿಷಯ ಹೇಳಬೇಕು. ಕಾಲೇಜಿನ ಹಳೆಯ ಅಟೆಂಡರ್‌ಗೆ ಎಲ್ಲರೂ ಇಟ್ಟ ಹೆಸರು ಅದು. ಮೊದಲು ಆತ ಮಹಾ ವಾಚಾಳಿ. ಒಂದು ಸಲ ರಜೆಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದು, ತಿದ್ದಿಕೊಡಿ ಎಂದು ಮೇಷ್ಟ್ರ ಹತ್ತಿರ ತಂದಿದ್ದ. ‘ತಮ್ಮ ಪಾದಾರವಿಂದಗಳಲ್ಲಿ’ ಎಂದು ಶುರುವಾಗಿ ಪುಟದ ತುದಿಯವರೆಗೂ ಅಡ್ಡಬಿದ್ದಿದ್ದ ಅರ್ಜಿ. ಮೇಷ್ಟ್ರು ಹೊಡೆಯುತ್ತ ಹೊಡೆಯುತ್ತ ಹೋಗಿ ಕೊನೆಗೆ ಉಳಿದದ್ದು ‘ಜ್ವರ. ಬರಲ್ಲ.’ ಎಂಬುದಷ್ಟೇ. ರಜೆ ಅರೆಗಳಿಗೆಯಲ್ಲಿ ಸಿಕ್ಕಿತು. ಆವತ್ತಿನಿಂದ ಆತನಿಗೆ ಜ್ಞಾನೋದಯವಾದಂತಾಗಿ, ಮಾತನ್ನೆಲ್ಲ ತಂತಿ ಕಳಿಸುವವರ ಹಾಗೆ ಹಿಂಡಿ ಆಡತೊಡಗಿದ. ತಮ್ಮ ವಿದ್ಯೆ ಸಂಪೂರ್ಣವಾಗಿ ಹತ್ತಿದ್ದು ಅವನೊಬ್ಬನಿಗೇ ಎಂದು ಮೇಷ್ಟ್ರಿಗೆ ಹೆಮ್ಮೆ ಬೇರೆ.

ಆ ದಿನ ಬೆಳಿಗ್ಗೆ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ, ಕಿಟಕಿ ಪಕ್ಕದ ತಮ್ಮ ಕುರ್ಚಿಯಲ್ಲಿ ಕೂತು ಪ್ರಬಂಧಗಳ ಕತ್ತು ಕುಯ್ಯುತ್ತಿದ್ದಾಗ ತಂತಿ ಬಂದು ನಿಂತ.

“ಸಾರ್. ಕೊನೇ ಬೆಲ್ ಆದ್ಮೇಲೆ. ಪ್ರಿನ್ಸಿಪಾಲ್ ರೂಮು.”

“ಏನಂತೆ?”

“ನಿಮ್ಮನ್ನ ತೆಗೀತಾರೆ.”

ಮೇಷ್ಟ್ರ ಕೈಯಲ್ಲಿದ್ದ ಪೆನ್ನು ಜಾರಿ ಯಾವುದೋ ಹುಡುಗನ ಒಳ್ಳೆಯ ವಾಕ್ಯದ ಮೇಲೇ ಗೀಟೆಳೆಯಿತು.

“ಏನಂದೆ?”

“ತೆಗೀತಾರೆ ಸಾರ್.”

“ಯಾರು? ಮೇಡಮ್ಮಾ?”

“ಅಲ್ಲ. ಹೊರಗಿಂದ ಬರ್ತಾರೆ.”

“ನ... ನನ್ನೊಬ್ಬನನ್ನೇನಾ?”

“ಒಬ್ಬೊಬ್ರನ್ನೇ. ನೀವೇ ಮೊದಲು.” ತಂತಿ ಹೊರಟವನು ಏನೋ ಜ್ಞಾಪಿಸಿಕೊಂಡು ತಿರುಗಿದ. “ಕೋಟಿದ್ರೆ ಹಾಕ್ಕೊಂಡು ಬನ್ನಿ. ಎಲ್ಲರನ್ನೂ ಒಟ್ಟಿಗೆ ತೆಗೆಯೋದು ನಾಳೆ.”

ಅಷ್ಟು ಹೇಳಿ ಹೋಗಿಯೇಬಿಟ್ಟ. ಮೇಷ್ಟ್ರು ಪೆನ್ನು ಕೆಳಗಿಟ್ಟು ಯೋಚಿಸಿದರು. ಹೊರಗಿನಿಂದ ಜನ ಕರೆಸಿ ತೆಗೆಯುವುದೆಂದರೆ ಮೇಡಂ ಎಲ್ಲ ಪಕ್ಕಾ ಮಾಡಿಕೊಂಡೇ ಕೂತಿದ್ದಾರೆ. ಮೊದಲು ತಮ್ಮನ್ನು, ಅಂದರೆ ರಾಣಿ ಕ್ಲಾಸನ್ನು. ಕೋಟು ಯಾತಕ್ಕೆ? ಇಷ್ಟು ವರ್ಷ ದುಡಿದವನನ್ನು ಮರ್ಯಾದೆಯಿಂದ ಕಳಿಸಿದೆವು ಎನ್ನಿಸಿಕೊಳ್ಳುವುದಕ್ಕಿರಬೇಕು. ಹಾಸ್ಟೆಲಿನ ಸೋರುವ ನಲ್ಲಿಗಳೆಲ್ಲ ಅವರ ಕಿವಿಯೊಳಗೇ ತೊಟ್ಟಿಕ್ಕಿದಂತಾಯಿತು.

ಎದುರಿಗೆ ಕೂತಿದ್ದ ಎಕನಾಮಿಕ್ಸ್ ಮೇಷ್ಟ್ರು ಪತ್ರಿಕೆ ಮಡಚಿದರು. ಊರ ಉಸಾಬರಿಯೆಲ್ಲ ಅವರಿಗೆ ಬೇಕು. “ನಾನು ಆವತ್ತೇ ಅಂದ್ಕೊಂಡೆ ಕಣ್ರೀ. ಮೊನ್ನೆ ಮೇಡಂ ನಿಮ್ಮ ಕ್ಲಾಸಿನ ಬಾಗಿಲಲ್ಲಿ ನಿಂತು, ತಲೆ ಹೀಗೆ ಓರೆ ಮಾಡಿ ನಿಮ್ಮನ್ನೇ ನೋಡ್ತಾ ಇದ್ರು.”

“ಓರೆ ಮಾಡಿ?”

“ಹ್ಞೂಂ. ಯಾವ ಕಡೆಯಿಂದ ಹಿಡಿದ್ರೆ ಸರಿ ಹೋಗುತ್ತೆ ಅಂತ ಲೆಕ್ಕ ಹಾಕೋರ ಹಾಗೆ. ನೀವು ಧೈರ್ಯವಾಗಿರಿ. ಅಂದಹಾಗೆ, ಆ ಕಿಟಕಿ ಪಕ್ಕದ ಕುರ್ಚಿ ಯಾರಿಗೂ ಹೇಳಿಲ್ಲ ತಾನೆ? ನನಗಿರಲಿ. ನಿಮ್ಮ ನೆನಪಿಗೆ.”

ಮೇಷ್ಟ್ರಿಗೆ ಕಣ್ಣು ಕತ್ತಲೆ ಬಂತು. ಮೂಲೆಯಲ್ಲಿದ್ದ ಕಿರಿಯ ಮೇಡಂ ಓಡಿಬಂದು ಒಂದು ಲೋಟ ನೀರು ಕೊಟ್ಟರು. ಮೈಕಿನಲ್ಲಿ ಕೂಗಿ ಕೂಗಿ ಆ ಹೆಣ್ಣುಮಗಳ ಗಂಟಲು ಆಗಲೇ ಒಡೆದಿತ್ತು.

“ಸಾರ್, ಹೀಗೆ ಕೂತ್ರೆ ಆಗಲ್ಲ” ಎಂದರು ಪಿಸುದನಿಯಲ್ಲಿ. “ಅವರು ಬಾಯಿ ತೆಗೆಯೋಕೆ ಮುಂಚೆ ನೀವೇ ಒಂದು ಮಾತು ಹೇಳಿಬಿಡಿ. ರಾಣಿ ಕ್ಲಾಸು ಬಿಡ್ತೀನಿ, ಮಾತುಗಾರಿಕೆ ನಾನೇ ತಗೋತೀನಿ ಅಂತ. ಆಮೇಲೆ ಅವರಿಗೆ ತೆಗೆಯೋಕೆ ಏನು ಉಳಿಯುತ್ತೆ ಹೇಳಿ?”

“ಮಾತುಗಾರಿಕೆನಾ? ನಾನಾ? ಅದರ ಬದಲು ಬಾವಿಗೆ ಬೀಳ್ತೀನಮ್ಮ.”

“ಕೆಲಸ ಆದ್ರೂ ಉಳಿಯುತ್ತಲ್ಲ ಸಾರ್” ಎಂದು ಕಿರಿಯ ಮೇಡಂ ಕಣ್ಣೊರೆಸಿಕೊಂಡರು. ಆಕೆಗೆ ನಿಜವಾಗಿಯೂ ಮರುಕವಿತ್ತು. ತನ್ನ ಗಂಟಲಿನ ಮೇಲೂ ಇತ್ತು ಅನ್ನಿ.

ಅಷ್ಟರಲ್ಲಿ ಬೆಲ್ ಹೊಡೆಯಿತು. ರಾಣಿ ಕ್ಲಾಸು. ಇದೇ ಕೊನೆಯದು ಎಂದುಕೊಂಡು ಮೇಷ್ಟ್ರು ಒಳಗೆ ಕಾಲಿಟ್ಟರು. ಆವತ್ತಿನ ಪಾಠವೂ ಹಾಳಾದ್ದು ಅಂಥದ್ದೇ. ಮುದುಕ ಗುಮಾಸ್ತನೊಬ್ಬನನ್ನು ಯಜಮಾನ ಚಳಿಗಾಲದಲ್ಲಿ ಕೆಲಸದಿಂದ ಕಿತ್ತುಹಾಕುವ ಕತೆ. ಗುಮಾಸ್ತ ಹರಕು ಕಂಬಳಿ ಹೊದ್ದು ಮಂಜಿನೊಳಗೆ ನಡೆದುಹೋದಾಗ ಮೇಷ್ಟ್ರು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಗೋಡೆಯ ಕಡೆ ತಿರುಗಿ ನಿಂತರು. ಎಂದೂ ಎಚ್ಚರವಾಗದ ಕೊನೆಯ ಬೆಂಚು ಆವತ್ತು ಎದ್ದು ಕೂತಿತು.

“ಮಕ್ಕಳೇ, ನಾಳೆ ಈ ಜಾಗದಲ್ಲಿ ನಾನಿರಲ್ಲ” ಎಂದರು ಮೇಷ್ಟ್ರು. “ನಾನು ಯಾರಿಗಾದ್ರೂ ಒಂದು ಪದ ಜಾಸ್ತಿ ಹೊಡೆದ್ಹಾಕಿದ್ರೆ ಮನಸ್ಸಲ್ಲಿ ಇಟ್ಕೋಬೇಡಿ.”

ಒಬ್ಬಳು ಮೂಗೊರೆಸಿಕೊಂಡಳು. ಮುಂದಿನ ಸಾಲಿನ ಹುಡುಗ ನಿಧಾನವಾಗಿ ಕೈಯೆತ್ತಿದ.

“ಸಾರ್, ಇದು ಪರೀಕ್ಷೆಗೆ ಬರುತ್ತಾ?”

ಮಧ್ಯಾಹ್ನ ಕೋಟಿಗೆಂದು ಮೇಷ್ಟ್ರು ಮನೆಗೆ ಓಡಿದರು. ಮನೆ ಕಾಲೇಜಿನ ಹಿಂದಿನ ಬೀದಿಯಲ್ಲೇ. ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದವರು ಗಂಡನ ಮುಖ ನೋಡಿ ಗಾಬರಿಯಿಂದ ಎದ್ದರು.

“ಏನ್ರೀ ಇದು, ಮುಖ ಬಿಳಿಚಿಕೊಂಡಿದೆ?”

“ನನ್ನನ್ನ ತೆಗೀತಾರಂತೆ ಕಣೆ. ಇವತ್ತೇ. ಕೋಟು ಎಲ್ಲಿದೆ?”

“ತೆಗೀತಾರೆ ಅಂದ್ರೆ? ಏನನ್ನ ತೆಗೀತಾರೆ ಅಂತ ಸರಿಯಾಗಿ ಕೇಳಿದ್ರಾ?”

“ನನ್ನನ್ನೇ ಅಂದನಲ್ಲೇ ತಂತಿ! ಅವನ ವಾಕ್ಯದಲ್ಲಿ ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ನಾನೇ ತಯಾರು ಮಾಡಿದ ಮನುಷ್ಯ ಅವನು.”

ಹೆಂಡತಿ ಪೆಟ್ಟಿಗೆಯ ತಳದಿಂದ ಮದುವೆಯ ಕೋಟು ಹೊರತೆಗೆದರು. ಆ ಕೋಟಿಗೂ ಈಗಿನ ಹೊಟ್ಟೆಗೂ ಪರಿಚಯವೇ ಇರಲಿಲ್ಲ. ಉಸಿರು ಬಿಗಿಹಿಡಿದು ಗುಂಡಿ ಹಾಕುವಷ್ಟರಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಪಕ್ಕದ ಮನೆ ವಕೀಲರ ತಲೆ ಕಾಣಿಸಿಕೊಂಡಿತು. ಈ ಮನೆಯಲ್ಲಿ ಚಮಚ ಬಿದ್ದರೂ ಆ ತಲೆಗೆ ಕೇಳಿಸುತ್ತಿತ್ತು.

“ಎಲ್ಲಾ ಕೇಳಿಸ್ಕೊಂಡೆ” ಎಂದರು ವಕೀಲರು. “ನನ್ನ ಮಾತು ಕೇಳಿ. ಒಳಗೆ ಹೋದ್ಮೇಲೆ ಬಾಯಿಗೆ ಬೀಗ. ಏನೇ ಕೇಳಲಿ, ಹೂಂ ಅನ್ನಬೇಡಿ, ಉಹೂಂ ಅನ್ನಬೇಡಿ. ಬಾಯಿ ಬಿಟ್ರೋ, ಕೆಟ್ರಿ. ಬಾಯಿ ಬಿಟ್ಟೇ ಕೆಟ್ಟೋರನ್ನ ದಿನಾ ನೋಡ್ತೀನಿ ನಾನು.”

“ರೀ, ಮೊದಲು ಹೋಗಿ ಅದೇನು ಅಂತ ನೆಟ್ಟಗೆ ಕೇಳಿ” ಎಂದರು ಹೆಂಡತಿ.

“ಕೇಳಲೇಬೇಡಿ!” ಎಂದರು ವಕೀಲರು.

ಮೇಷ್ಟ್ರು ಇಬ್ಬರಿಗೂ ತಲೆಯಾಡಿಸಿ ಹೊರಬಿದ್ದರು. ಕಾಲು ಮುಂದೆ ಹೋಗುತ್ತಿತ್ತು, ಜೀವ ಹಿಂದೆ ಎಳೆಯುತ್ತಿತ್ತು.

ಕೊನೆಯ ಬೆಲ್ ಹೊಡೆದು ಹುಡುಗರ ಗಲಾಟೆ ಅಡಗಿದ ಮೇಲೆ ಪ್ರಿನ್ಸಿಪಾಲರ ರೂಮಿನ ಮುಂದಿನ ಬೆಂಚಿನಲ್ಲಿ ಮೇಷ್ಟ್ರು ಒಬ್ಬರೇ ಕೂತಿದ್ದರು. ವಕೀಲರು ಹೇಳಿದಂತೆ ಬಾಯಿಗೆ ಬೀಗ ಹಾಕಿಕೊಳ್ಳುವುದೇ ಸರಿ ಎಂದು ಅವರು ಗಟ್ಟಿಮನಸ್ಸು ಮಾಡುತ್ತಿದ್ದಾಗ ಒಳಗಿನಿಂದ ಮಾತು ಕೇಳಿಸಿತು. ಅಪರಿಚಿತ ಗಂಡಸಿನ ದನಿ.

“ಗೋಡೆಗೆ ನಿಲ್ಲಿಸಿಬಿಡೋಣ ಮೇಡಂ. ಎರಡು ಹೊಡೆದ್ರೆ ಸಾಕು.”

“ತಲೆ ಜೋಪಾನ ಕಣಪ್ಪಾ” ಎಂದರು ಮೇಡಂ. “ಹೋದ ಸಲ ನೀನು ಪಾಪ, ಮೂರು ಜನರ ತಲೆ ಹಾರಿಸಿಬಿಟ್ಟಿದ್ದೆ.”

ಮೇಷ್ಟ್ರು ಓಡಿಹೋಗೋಣವೆಂದು ಎದ್ದರು. ಅಷ್ಟರಲ್ಲಿ ಬಾಗಿಲು ತೆರೆದು ತಂತಿ ಹೊರಗೆ ಮುಖ ಹಾಕಿದ.

“ಸಾರ್. ಒಳಗೆ.”

ಒಳಗೆ ಹೋದವರಿಗೆ ಮೇಜಿನ ಹಿಂದೆ ನಗುತ್ತ ಕೂತಿದ್ದ ಮೇಡಂ ಒಬ್ಬರೇ ಕಂಡರು. ಆ ನಗುವೇ ಮೇಷ್ಟ್ರನ್ನು ಕೆಡಿಸಿದ್ದು. ತತ್ವಶಾಸ್ತ್ರದವರನ್ನು ಕರೆದಾಗಲೂ ಹೀಗೇ ನಕ್ಕಿದ್ದರಂತೆ.

“ಬನ್ನಿ ಬನ್ನಿ ಸಾರ್. ಕೋಟು ಹಾಕ್ಕೊಂಡೇ ಬಂದ್ರಾ? ಒಳ್ಳೇದಾಯ್ತು. ನೋಡಿ, ವಿಷಯ ಏನಪ್ಪಾ ಅಂದ್ರೆ...”

“ಹೇಳಬೇಡಿ ಮೇಡಂ!” ವಕೀಲರ ಬೀಗ ಆ ಕ್ಷಣವೇ ಮುರಿದುಬಿತ್ತು. “ನನಗೆಲ್ಲಾ ಗೊತ್ತಾಗಿದೆ. ನಾನೇ ಬಿಡ್ತೀನಿ. ರಾಣಿ ಕ್ಲಾಸು ಬಿಡ್ತೀನಿ. ಮಾತುಗಾರಿಕೆ ಕೊಡಿ, ಮಾಡ್ತೀನಿ. ಮೈಕು ಹಿಡೀತೀನಿ, ಓಡಾಡ್ತೀನಿ, ಚಪ್ಪಾಳೆ ತಟ್ಟಿಸ್ತೀನಿ. ಆದ್ರೆ ದಯವಿಟ್ಟು ನನ್ನನ್ನ ಮಾತ್ರ ತೆಗೀಬೇಡಿ ಮೇಡಂ!”

ಮೇಡಂ ಕಣ್ಣರಳಿಸಿ ಅವರನ್ನೇ ನೋಡಿದರು.

“ಅಯ್ಯೋ! ಒಂದು ಫೋಟೋ ತೆಗೆಸ್ಕೊಳ್ಳೋಕೆ ಇಷ್ಟೊಂದು ನಾಚಿಕೆನಾ ಸಾರ್ ನಿಮಗೆ?”

ಬೀರುವಿನ ಮರೆಯಿಂದ ಕ್ಯಾಮೆರಾ ನೇತುಹಾಕಿಕೊಂಡ ಮನುಷ್ಯನೊಬ್ಬ ಈಚೆ ಬಂದು ನಮಸ್ಕಾರ ಮಾಡಿದ.

ಮೇಷ್ಟ್ರಿಗೆ ನಮಸ್ಕಾರವೂ ಕೇಳಿಸಲಿಲ್ಲ, ನೆಲವೂ ಕಾಣಿಸಲಿಲ್ಲ. ಫೋಟೋ. ಹೊರಗಿನಿಂದ ಬರುವವನು ಇವನು. ಇವತ್ತು ಒಬ್ಬೊಬ್ಬರದು, ನಾಳೆ ಎಲ್ಲರದೂ ಒಟ್ಟಿಗೆ. ಅಳಬೇಕೋ ನಗಬೇಕೋ ತಿಳಿಯದೆ ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು.

“ಗೇಟಿನ ಹತ್ತಿರ ದೊಡ್ಡ ಬೋರ್ಡು ಹಾಕಿಸ್ತಾ ಇದೀನಿ” ಎಂದರು ಮೇಡಂ. “ಒಂದೊಂದು ಕ್ಲಾಸಿಗೂ ಒಬ್ಬೊಬ್ಬರ ಫೋಟೋ. ರಾಣಿ ಕ್ಲಾಸು ಈ ಕಾಲೇಜಿನ ಹೆಮ್ಮೆ ಅಂತ ನಿಮ್ಮದನ್ನೇ ಎಲ್ಲಕ್ಕಿಂತ ಮೇಲೆ ಹಾಕೋಣ ಅಂತಿದ್ದೆ. ನೀವು ನೋಡಿದ್ರೆ ಅದನ್ನೇ ಬಿಟ್ಟುಕೊಡ್ತೀನಿ ಅಂತೀರಿ!”

“ಇಲ್ಲ ಇಲ್ಲ ಮೇಡಂ, ಅದು ಹಾಗಲ್ಲ...”

“ನಿಮ್ಮದು ದೊಡ್ಡ ಮನಸ್ಸು ಸಾರ್. ಪಾಪ, ಕಿರಿಯ ಮೇಡಂ ಗಂಟಲು ಹೋಗಿದೆ, ಮಾತುಗಾರಿಕೆ ಯಾರ ತಲೆಗೆ ಕಟ್ಟೋದಪ್ಪಾ ಅಂತ ನನಗೆ ನಿದ್ದೆ ಇರಲಿಲ್ಲ. ನಿಮ್ಮನ್ನ ಕೇಳೋಕೆ ಹೆದರಿಕೆ. ನೀವಾಗೇ ಬಂದು ಕೇಳಿದ್ರಲ್ಲ!”

ಹೇಳುತ್ತಲೇ ಅವರು ಫೋನ್ ಎತ್ತಿ, ಇನ್ನುಮೇಲೆ ರಾಣಿ ಕ್ಲಾಸು ನಿಮಗೆ ಎಂದು ಕಿರಿಯ ಮೇಡಂಗೆ ಸುದ್ದಿ ಮುಟ್ಟಿಸಿದರು. ಆ ಕಡೆಯಿಂದ, ಒಡೆದ ಗಂಟಲಿನಿಂದ ಬರಲು ಸಾಧ್ಯವೇ ಇಲ್ಲದಂಥ ಒಂದು ಸಂತೋಷದ ಕೂಗು ರೂಮಿಗೆಲ್ಲ ಕೇಳಿಸಿತು.

“ಮೇಡಂ, ಒಂದು ನಿಮಿಷ” ಮೇಷ್ಟ್ರು ಎರಡೂ ಕೈ ಮುಂದೆ ಚಾಚಿದರು. “ಬೆಳಿಗ್ಗೆ ತಂತಿ ಬಂದು ತೆಗೀತಾರೆ ಅಂದಾಗ, ಅಂದ್ರೆ ಏನನ್ನ ಅನ್ನೋದು ಇರಬೇಕಾದ ಜಾಗದಲ್ಲಿ ಅದು ಇಲ್ಲದೆ ಇದ್ದಿದ್ರಿಂದ, ಆಮೇಲೆ ಎಕನಾಮಿಕ್ಸ್‌ನೋರು ಕುರ್ಚಿ ಬೇರೆ ಕೇಳಿದ್ರಿಂದ, ನಾನು ಏನಂದ್ಕೊಂಡೆ ಅಂದ್ರೆ...”

ಜೀವಮಾನದಲ್ಲಿ ಮೊದಲ ಸಲ ಅವರಿಗೊಂದು ಉದ್ದನೆಯ ವಾಕ್ಯ ಬೇಕಾಗಿತ್ತು. ರಾಣಿಯ ಕಾಲದವರು ಬರೆಯುತ್ತಿದ್ದರಲ್ಲ, ಅಂಥದ್ದು.

ಮೇಡಂ ಗಡಿಯಾರ ನೋಡಿಕೊಂಡರು. “ಚುಟುಕಾಗಿ ಹೇಳಿ ಸಾರ್. ನೀವೇ ಕಲಿಸೋದಲ್ವಾ ಅದನ್ನ?”

ಮೇಷ್ಟ್ರ ಬಾಯಿ ತೆರೆಯಿತು. ತೆರೆದದ್ದು ತೆರೆದೇ ಇತ್ತು. ಕಣ್ಣುಗುಡ್ಡೆ ಹೊರಬಂದಿತ್ತು, ಕೈ ಗಾಳಿಯಲ್ಲಿ ಬೇಡುತ್ತಿತ್ತು, ಕೋಟಿನ ನಡುವಿನ ಗುಂಡಿ ಇನ್ನು ತಡೆಯಲಾರೆನೆಂದು ಕಿತ್ತು ಹಾರಿತು. ಸರಿಯಾಗಿ ಆ ಗಳಿಗೆಯಲ್ಲೇ ರೂಮಿನಲ್ಲೆಲ್ಲ ಬೆಳಕು ಫಳಕ್ಕೆಂದಿತು.

“ಒಂದೇ ಸಾಕು ಮೇಡಂ” ಎಂದ ಕ್ಯಾಮೆರಾದವನು. “ಸಹಜವಾಗಿ ಬಂದಿದೆ.”

ಹೊರಗೆ ಬಂದಾಗ ತಂತಿ ಬಾಗಿಲಲ್ಲೇ ನಿಂತಿದ್ದ. ಮೇಷ್ಟ್ರು ಅವನ ತೋಳು ಹಿಡಿದುಕೊಂಡರು. ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು.

“ಫೋಟೋ ಅಂತ ಒಂದೇ ಒಂದು ಪದ ಹೇಳೋಕೆ ನಿನಗೇನಾಗಿತ್ತಯ್ಯಾ?”

“ಮೇಡಂ ಹೇಳಿದ್ರು ಸಾರ್. ನಾನು ಹೊಡೆದ್ಹಾಕ್ದೆ.”

“ಯಾಕೋ?”

“ಇಲ್ಲದಿದ್ರೂ ಅರ್ಥ ಆಗುತ್ತಲ್ಲ.”

ಮೇಷ್ಟ್ರು ಅವನ ತೋಳು ಬಿಟ್ಟರು.

ಮರುದಿನ ಬೆಳಿಗ್ಗೆ ಕಾಲೇಜಿನ ಗೇಟಿನಲ್ಲಿ ಜಾತ್ರೆಯಷ್ಟು ಜನ. ಮೇಡಂ ಮಾಡುವ ಕೆಲಸವೆಲ್ಲ ಹಾಗೆ, ರಾತ್ರಿ ಬೆಳಗಾಗುವಷ್ಟರಲ್ಲಿ ಬೋರ್ಡು ನಿಂತುಬಿಟ್ಟಿತ್ತು. ಮೇಲುಗಡೆ ಕಿರಿಯ ಮೇಡಂ, ಕೆಳಗೆ ‘ರಾಣಿಯ ಕಾಲದ ಸಾಹಿತ್ಯ, ನಮ್ಮ ಹೆಮ್ಮೆ’. ಅದರ ಕೆಳಗೆ, ಸರಿಯಾಗಿ ಕಣ್ಣಿನ ಎತ್ತರಕ್ಕೆ, ಆಳೆತ್ತರದ ಕೆಂಪಿಂಕು ಮೇಷ್ಟ್ರು. ಕಣ್ಣು ಕಿತ್ತುಕೊಂಡು ಬಂದಿದೆ, ಬಾಯಿ ಬಾವಿಯಾಗಿದೆ, ಹಾರುತ್ತಿರುವ ಗುಂಡಿಯೂ ಸ್ಪಷ್ಟವಾಗಿ ಬಿದ್ದಿದೆ. ಕಾಲಡಿಯಲ್ಲಿ ದಪ್ಪಕ್ಷರದಲ್ಲಿ ಎರಡೇ ಪದ: ‘ಭಯ ಬಿಡಿ!’ ಅದರ ಕೆಳಗೆ ಸಣ್ಣದಾಗಿ, ಮಾತುಗಾರಿಕೆ ಕ್ಲಾಸಿಗೆ ಇವತ್ತೇ ಸೇರಿ ಎಂಬ ಸೂಚನೆ.

“ಇವರೇ ಮೈಕು ಹಿಡೀತಾರೆ ಅಂದ್ರೆ ನಮಗೇನೋ ಧಾಡಿ!” ಎಂದು ಒಬ್ಬ ಹುಡುಗ ಇನ್ನೊಬ್ಬನನ್ನು ಎಳೆದುಕೊಂಡು ಹೋದ. ಹೆಸರು ಬರೆಸಲು ನಿಂತ ಸಾಲು ಆಗಲೇ ಮೆಟ್ಟಿಲು ದಾಟಿತ್ತು. ಇನ್ನು ಈ ಕ್ಲಾಸನ್ನು ಮೇಡಂ ಜನ್ಮದಲ್ಲಿ ತೆಗೆಯುವುದಿಲ್ಲ ಎಂದು ಮೇಷ್ಟ್ರಿಗೆ ಅರ್ಥವಾಯಿತು. ಒಳಗೆಲ್ಲೋ ಯಾರೋ ಮೈಕು ಪರೀಕ್ಷಿಸುತ್ತಿದ್ದರು. ಅದು ಕೀಚೆಂದಾಗ ಮೇಷ್ಟ್ರು ಹಾವು ಕಂಡಂತೆ ಒಂದು ಹೆಜ್ಜೆ ಹಿಂದೆ ಸರಿದರು.

ಜನ ಕರಗಿದ ಮೇಲೆ ಅವರು ಬೋರ್ಡಿನ ಹತ್ತಿರ ಹೋದರು. ತಮ್ಮ ಮುಖ ನೋಡಿದರು, ಕೆಳಗಿನ ಅಕ್ಷರ ನೋಡಿದರು, ಮತ್ತೆ ಮುಖ ನೋಡಿದರು. ಕೈ ತನ್ನಷ್ಟಕ್ಕೇ ಜೇಬಿಗೆ ಹೋಯಿತು. ಕೆಂಪು ಪೆನ್ನಿನ ಮುಚ್ಚಳ ತೆಗೆದು, ಬಗ್ಗಿ, ‘ಬಿಡಿ’ ಎಂಬ ಪದದ ಮೇಲೆ ಅಡ್ಡಗೀಟು ಎಳೆದರು.

ಹಿಂದೆ ಬಂದು ನಿಂತಿದ್ದ ತಂತಿ ಫೋಟೋವನ್ನೂ ಉಳಿದ ಪದವನ್ನೂ ನೋಡಿ ತಲೆದೂಗಿದ.

“ಈಗ ಸರಿ ಸಾರ್.”